ಕುಷ್ಟನ ವಾರಸುದಾರಳು

“ಏ ರಂಡೆ, ಕಾಲ್ ತೊಳ್ಕಂಡ್ ಹತ್ತ್! ನಿನ್ನಪ್ಪ ಕೊಡ್ಸಿದ್ ಜೀಪಲ್ಲ ಇದ್!”

ನಾಗು ಜೀಪಿನ ಮೆಟ್ಟಿಲ ಮೇಲೆ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದಳು. ತೋಡಿನ ನೀರಿನಲ್ಲಿ ಕೆಸರು ತೊಳೆದುಕೊಂಡು ಬರುವಷ್ಟರಲ್ಲಿ ಹಿಂದಿನ ಸೀಟಿನ ಮೇಲೆ ಒಂದು ಗೋಣಿಚೀಲ ಹಾಸಿತ್ತು. ಗೋವರ್ಧನ ಹೆಗ್ಡೆಯವರು ಸ್ವಂತ ಕೈಯಾರೆ ಹಾಸಿದ್ದರು. ಇಪ್ಪತ್ತಾರು ವರ್ಷ ಅವರ ಗದ್ದೆಯಲ್ಲಿ ಬೆನ್ನು ಬಗ್ಗಿಸಿದ ಹೆಂಗಸಿಗೆ ಒಡೆಯರು ಹಾಕಿಕೊಟ್ಟ ಮೊದಲ ಆಸನ ಅದು.

ಜೀಪು ಸಿದ್ದಾಪುರದ ರಸ್ತೆ ಹಿಡಿದ ಮೇಲೆ ಹೆಗ್ಡೆಯವರು ಕನ್ನಡಿಯಲ್ಲೇ ಅವಳನ್ನು ನೋಡುತ್ತ ಹೇಳಿದರು.

“ಬ್ಯಾಂಕಲ್ ಬಾಯ್ ಬಿಡುಕಾಗ. ಕುಷ್ಟನ್ ಖಾತೆಲ್ ಮೂರ್ ಸಾವ್ರ ಇತ್ತ್. ಒತ್ತ್ ಅಂದಲ್ ಹೆಬ್ಬೆಟ್ ಒತ್ತ್. ಮ್ಯಾಲಿಂದ ಎರಡ್ ಸೇರ್ಸಿ ನಾನ್ ಐದ್ ಸಾವ್ರ ಕೊಡ್ತೆ. ತಿಳೀತಾ?”

“ಹೂಂ ಒಡೀರೆ.”

ಕುಷ್ಟ ಅವಳ ಗಂಡ. ಆ ಬೇಸಗೆಯಲ್ಲಿ ಹೆಗ್ಡೆಯವರ ತೋಟದ ಪಂಪ್‌ಶೆಡ್ಡಿನಲ್ಲಿ ಸತ್ತಿದ್ದ. ಸಿಪ್ಪೆ ಸುಲಿದ ವಯರು ಬದಲಾಯಿಸಿ ಎಂದು ಎರಡು ವರ್ಷದಿಂದ ಹೇಳುತ್ತಿದ್ದವನು ಅವನೇ. ಕರೆಂಟು ಹಿಡಿದು ಬಿಟ್ಟಾಗ ಅವನ ಬಲಗೈ ಕರಕಲಾಗಿತ್ತು. ಒಡೆಯರು ಕರೆಸಿದ ಡಾಕ್ಟರು ‘ಹೃದಯ ನಿಂತು ಸಾವು’ ಎಂದು ಬರೆದುಕೊಟ್ಟರು. ಅದನ್ನು ಸುಳ್ಳು ಎನ್ನುವ ಹಾಗೂ ಇರಲಿಲ್ಲ. ಹೃದಯ ನಿಂತದ್ದಂತೂ ಹೌದು. ಬೊಜ್ಜದ ದಿನ ಉತ್ತರಕ್ರಿಯೆಯ ಊಟಕ್ಕೆಂದು ಒಡೆಯರ ಮನೆಯಿಂದ ಅರ್ಧ ಮುಡಿ ಅಕ್ಕಿ ಬಂತು. ಅಲ್ಲಿಗೆ ಲೆಕ್ಕ ಮುಗಿಯಿತು.

ವಿಧವಾ ವೇತನಕ್ಕೆ ಮರಣಪತ್ರ ಬೇಕೆಂದು ನಾಗು ನಾಲ್ಕು ತಿಂಗಳಲ್ಲಿ ಒಂಬತ್ತು ಸಲ ಗ್ರಾಮಕರಣಿಕರ ಕಚೇರಿಗೆ ಅಲೆದಿದ್ದಳು. “ಕುಷ್ಟ ಅಂದ್ರೆ ಯಾವ್ ಕುಷ್ಟ? ಈ ಊರಲ್ ಹನ್ನೆರಡ್ ಜನ ಕುಷ್ಟ ಇದ್ರ್. ಅಂವ ಸತ್ತದ್ ಹೌದಾ ಅಂತ ನಾನ್ ಹ್ಯಾಂಗ್ ನಂಬುದ್?” ಎಂದು ಕರಣಿಕರು ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಅಟ್ಟುತ್ತಿದ್ದರು. ಹತ್ತನೆಯ ಸಲ ಹೋಗುವ ಕೆಲಸ ಬೀಳಲಿಲ್ಲ. ಅದೇ ಕರಣಿಕರು ಬೈಕು ಹತ್ತಿ ಅವಳ ಮನೆಬಾಗಿಲಿಗೇ ಬಂದರು. ಹಿಂದೆ ಹೆಗ್ಡೆಯವರ ಜೀಪಿತ್ತು. “ನಾಗಕ್ಕ, ಇಲ್ಲೊಂದ್ ಹೆಬ್ಬೆಟ್” ಎಂದರು. ಎರಡೇ ದಿನದಲ್ಲಿ ಮರಣಪತ್ರವೂ ಬಂತು, ವಂಶವೃಕ್ಷವೂ ಬಂತು. ಮಕ್ಕಳಿಲ್ಲದ ಮನೆ, ವೃಕ್ಷದಲ್ಲಿ ಎರಡೇ ಹೆಸರು. ಕುಷ್ಟ ಸತ್ತದ್ದು ಸರ್ಕಾರಕ್ಕೆ ಕೊನೆಗೂ ಗೊತ್ತಾಯಿತಲ್ಲ ಎಂದು ನಾಗು ಸಮಾಧಾನಪಟ್ಟುಕೊಂಡಿದ್ದಳು.

ಬ್ಯಾಂಕಿನ ಮ್ಯಾನೇಜರು ಹಾವೇರಿ ಕಡೆಯಿಂದ ವರ್ಗವಾಗಿ ಬಂದ ಹೆಂಗಸು. ನಾಗು ಗೋಡೆಗೆ ಒರಗಿ ನಿಂತದ್ದನ್ನು ನೋಡಿ, “ಕುಂದುರ್ರಿ ಅಮ್ಮ” ಎಂದಳು. ನಾಗು ಒಡೆಯರ ಮುಖ ನೋಡಿದಳು. ಹೆಗ್ಡೆಯವರು ಗೋಣಿಚೀಲ ಜೀಪಿನಲ್ಲೇ ಬಿಟ್ಟು ಬಂದಿದ್ದರು. ನಾಗು ಕುರ್ಚಿಯ ತುದಿಯಲ್ಲಿ ಕೂತಳು.

“ನಿಮ್ಮ ಅರ್ಜಿ ಮೇಲಿನ ಕಚೇರಿಯಿಂದ ಮಂಜೂರಾಗಿ ಬಂದೈತಿ. ಒಂದ್ಸಲ ಓದಿ ಹೇಳ್ತೀನಿ.”

“ಓದುದ್ ಎಲ್ಲ ಎಂತಕ್ಕೆ ಮೇಡಮ್ಮ? ಅದಕ್ಕೆ ಎಂತ ಅರ್ಥ ಆತ್ತ್?” ಹೆಗ್ಡೆಯವರು ನಕ್ಕರು. “ಒತ್ಸಿ, ಮುಗಿತ್ತ್.”

“ಓದಿ ಹೇಳ್ದೆ ಹೆಬ್ಬೆಟ್ಟು ತಗೊಳ್ಳೋ ಹಂಗಿಲ್ರಿ.” ಆಕೆ ಕನ್ನಡಕ ಏರಿಸಿಕೊಂಡು ಓದಿದಳು. “ಮೃತ ಕುಷ್ಟ ಇವರ ಉಳಿತಾಯ ಖಾತೆಯಲ್ಲಿ ಮೂರು ಸಾವಿರದ ನಲವತ್ತು ರೂಪಾಯಿ. ಇವರದೇ ಹೆಸರಿನ ಠೇವಣಿ, ಬಡ್ಡಿ ಸೇರಿ, ನಾಲ್ಕು ಲಕ್ಷದ ಹನ್ನೆರಡು ಸಾವಿರ.”

ಬೇರೆ ಯಾರದೋ ಕಾಗದ ಓದುತ್ತಿದ್ದಾರೆ ಎಂದುಕೊಂಡಳು ನಾಗು. ಊರಿನಲ್ಲಿ ಹನ್ನೆರಡು ಜನ ಕುಷ್ಟರಿದ್ದಾರಲ್ಲ! ಅವಳ ಕುಷ್ಟ ಬೀಡಿಯನ್ನು ಅರ್ಧ ಸೇದಿ ಉಳಿದರ್ಧವನ್ನು ಕಿವಿಯ ಸಂದಿಯಲ್ಲಿ ಇಟ್ಟುಕೊಳ್ಳುತ್ತಿದ್ದವನು.

ಆಮೇಲೆ ನೆನಪಾಯಿತು. ಎರಡು ವರ್ಷದ ಹಿಂದೆ ಒಡೆಯರು ಕುಷ್ಟನಿಗೆ ತಮ್ಮ ಹಳೆಯ ಅಂಗಿ ತೊಡಿಸಿ ಇದೇ ಜೀಪಿನಲ್ಲಿ ಕರೆದುಕೊಂಡು ಹೋಗಿದ್ದರು. “ಸರ್ಕಾರದ್ ಸ್ಕೀಮ್ ಅಂಬ್ರ್” ಎಂದು ಕುಷ್ಟ ಬೆರಳಿನ ಶಾಯಿ ತೋರಿಸಿದ್ದ. ಅದೇ ವಾರ ಗುಡ್ಡೆಯ ಸಾಗುವಾನಿ ಮರಗಳು ಲಾರಿ ಹತ್ತಿದ್ದವು. ಆಸ್ತಿಯಲ್ಲಿ ಪಾಲು ಬೇಕೆಂದು ಹೆಗ್ಡೆಯವರ ಇಬ್ಬರು ಅಕ್ಕಂದಿರು ಕುಂದಾಪುರದ ಕೋರ್ಟಿನಲ್ಲಿ ದಾವೆ ಹಾಕಿದ್ದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಮರ ಮಾರಿದ ದುಡ್ಡಿಗೆ ಅಕ್ಕಂದಿರ ಕಣ್ಣು ಬೀಳದ ಜಾಗ ಬೇಕಿತ್ತು. ಕುಷ್ಟನ ಹೆಸರಿನಷ್ಟು ಯಾರ ಕಣ್ಣಿಗೂ ಬೀಳದ ಜಾಗ ಊರಿನಲ್ಲಿ ಬೇರೆ ಇರಲಿಲ್ಲ.

ಮ್ಯಾನೇಜರು ಇನ್ನೊಂದು ಕಾಗದವನ್ನು ಒಡೆಯರ ಮುಂದೆ ಸರಿಸಿದಳು. “ಇದು ನಿಮ್ಮ ಜಾಮೀನು. ಸದರಿ ಹಣದ ಮೇಲೆ ನನಗಾಗಲಿ ಇತರ ಯಾರಿಗೇ ಆಗಲಿ ಯಾವ ಹಕ್ಕೂ ಇಲ್ಲ, ಮೃತನ ಹೆಂಡತಿ ನಾಗು ಏಕಮಾತ್ರ ವಾರಸುದಾರಳು ಅಂತ ಐತಿ. ಸಹಿ ಮಾಡ್ರಿ.”

ಹೆಗ್ಡೆಯವರು ಜೇಬಿನಿಂದ ಪೆನ್ನು ತೆಗೆದು, ಉದ್ದಕ್ಕೆ ಸಹಿ ಎಳೆದರು.

ಬಾಯಿ ಬಿಡಬಾರದೆಂದು ಅಪ್ಪಣೆಯಾಗಿತ್ತು. ಆದರೂ ನಾಗು ಕೇಳಿದಳು.

“ಒಡೀರೆ, ಇದ್ ಯಾರ್ ದುಡ್ಡ್?”

ಗಾಜಿನ ಆಚೆ ಸಾಲಿನಲ್ಲಿ ನಿಂತಿದ್ದವರು ಇತ್ತ ತಿರುಗಿದರು. ಎಲ್ಲ ಹೆಗ್ಡೆಯವರನ್ನು ಬಲ್ಲವರೇ.

“ಕುಷ್ಟನ್ ದುಡ್ಡ್ ಮಾರಾಯ್ತಿ. ಮತ್ಯಾರ್ದ್?”

“ಈಗಳಿಕೆ ನಂದಾ?”

“ನಿಂದೇ” ಎಂದರು, ತುಟಿ ಅಲುಗಿಸದೆ.

“ಜೋರಾಗ್ ಹೇಳಿ ಒಡೀರೆ, ಕೆಮಿ ಕೇಂತಿಲ್ಲೆ.”

“ನಿಂದೇ ಅಂದೆ ಅಲ್ದಾ!”

ನಾಗು ಹೆಬ್ಬೆಟ್ಟು ಒತ್ತಿದಳು. ಅವಳ ಹೆಸರಿನ ಹೊಸ ಖಾತೆಗೆ ದುಡ್ಡು ಹೋಯಿತು. ಹೊಸ ಪಾಸ್‌ಬುಕ್ಕು ಕೈಗೆ ಬಂತು. ಕೂಡಲೇ ಹೆಗ್ಡೆಯವರು ಮಡಚಿ ಇಟ್ಟುಕೊಂಡಿದ್ದ ಒಂದು ಚೀಟಿಯನ್ನು ಅವಳ ಮುಂದೆ ಬಿಡಿಸಿದರು.

“ಇದಕ್ಕೂ ಒಂದ್ ಒತ್ತ್.”

“ಅದೆಂತ?”

“ದುಡ್ಡ್ ತೆಗು ಚೀಟಿ. ಒತ್ತ್, ಹೊತ್ತಾಯ್ತ್.”

ನಾಗು ಶಾಯಿ ಹತ್ತಿದ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿದಳು. ಮುಷ್ಟಿಯನ್ನು ಸೆರಗಿನೊಳಗೆ ಇಟ್ಟಳು. “ನಂಗ್ ಈಗ ದುಡ್ಡ್ ಬೇಡ ಒಡೀರೆ. ಇಲ್ಲೇ ಇರ್ಲಿ.”

“ಬೇವರ್ಸಿ ರಂಡೆ...”

“ಏನಂದ್ರಿ?” ಮ್ಯಾನೇಜರು ತಲೆಯೆತ್ತಿದಳು.

“ಎಂತ ಇಲ್ಲ ಮೇಡಮ್ಮ. ಮನಿ ಬದಿ ವಿಷ್ಯ.”

“ವಾರಸುದಾರರು ಬ್ಯಾಡ ಅಂದ್ಮ್ಯಾಲೆ ಮುಗೀತ್ರಿ.”

ಹೊರಗೆ ಜೀಪಿನ ಮರೆಯಲ್ಲಿ ಹೆಗ್ಡೆಯವರು ಅವಳ ರಟ್ಟೆ ಹಿಡಿದು ತಿರುಚಿದರು. ಇಪ್ಪತ್ತಾರು ವರ್ಷದಲ್ಲಿ ಒಡೆಯರು ಅವಳನ್ನು ಮುಟ್ಟಿದ್ದು ಅದೇ ಮೊದಲು. ಮೈಲಿಗೆಯ ವಿಚಾರ ಆ ಹೊತ್ತಿಗೆ ಅವರ ತಲೆಗೆ ಬರಲಿಲ್ಲ.

“ನೀನ್ ಕೂತ್ ಜಾಗ ಯಾರ್ದೇ?”

“ನಿಮ್ದ್.”

“ತಲಿ ಮ್ಯಾಲಿನ್ ಹಂಚ್ ಯಾರ್ದ್?”

“ಅದೂ ನಿಮ್ದೇ.”

“ಹಾಂಗಾರೆ ಒಳ್ಗ್ ನಡಿ. ಒತ್ತ್.”

“ಕುಷ್ಟನ್ ಜೀವ ಯಾರ್ದ್ ಒಡೀರೆ?” ನಾಗು ಅಲ್ಲಿಗೇ ನಿಲ್ಲಿಸಲಿಲ್ಲ. “ಅದಕ್ಕ್ ಅರ್ಧ ಮುಡಿ ಅಕ್ಕಿ ಕೊಟ್ರಿ. ಬಾಕಿದ್ದ್ ಬ್ಯಾಂಕಲ್ ಇತ್ತ್.”

ಒಡೆಯರು ಕೈ ಎತ್ತಿದರು. ಬ್ಯಾಂಕಿನ ಮೆಟ್ಟಿಲ ಮೇಲೆ ನಾಲ್ಕೈದು ಜನ ನಿಂತು ನೋಡುತ್ತಿದ್ದರು. ಎತ್ತಿದ ಕೈಯಿಂದ ತಲೆ ಸವರಿಕೊಂಡು ಜೀಪು ಹತ್ತಿದರು. ಜೀಪು ಅವಳನ್ನು ಬಿಟ್ಟು ಹೋಯಿತು.

ನಾಗು ಬಸ್ಸಿಗೆ ಕಾದು, ಇಳಿದು, ಗದ್ದೆಯ ಅಂಚಿನಲ್ಲಿ ನಡೆದು ಮನೆ ಮುಟ್ಟುವಾಗ ಬಿಸಿಲು ಇಳಿಯತೊಡಗಿತ್ತು. ಮಾಡಿನ ಮೇಲೆ ಚಂದು ಕೂತು ಹಂಚು ಕಳಚುತ್ತಿದ್ದ. ಕುಷ್ಟನ ಜೊತೆ ಅದೇ ತೋಟದಲ್ಲಿ ಹದಿನೆಂಟು ವರ್ಷ ದುಡಿದವನು. ಅರ್ಧ ಮಾಡು ಖಾಲಿಯಾಗಿತ್ತು.

“ನಾಗಕ್ಕ, ನಾ ಎಂತ ಮಾಡ್ಲಿ? ನನ್ ಮನಿಯೂ ಅವ್ರ್ ಜಾಗದಲ್ಲೇ ಇತ್ತ್” ಎಂದ, ಅವಳತ್ತ ನೋಡದೆ.

“ಒಡದ್ ಹಾಕ್ಬೇಡ ಮಾರಾಯಾ. ಸಮಾ ಜೋಡ್ಸಿಡ್. ಅವ್ರ್ದ್ ಅವ್ರಿಗ್ ಹೋಯ್ಲಿ.”

ಅವಳೇ ಕೆಳಗೆ ನಿಂತು ಒಂದೊಂದೇ ಹಂಚನ್ನು ಕೈಯಲ್ಲಿ ಹಿಡಿದು ಇಳಿಸಿಕೊಂಡಳು. ಕೊನೆಯ ಹಂಚು ಇಳಿದಾಗ ಹಂಚು ಹೊತ್ತಿದ್ದ ಮರದ ಪಕಾಸುಗಳು ಮಾತ್ರ ಆಕಾಶಕ್ಕೆ ಅಡ್ಡ ಉಳಿದವು. ಚಂದು ಇಳಿದು ಬಂದ.

“ಒಂದ್ ಹೆಬ್ಬೆಟ್ ಒತ್ತ್‌ದ್ರೆ ಕತ್ಲಿ ಆಪುದ್ರೊಳ್ಗೆ ಪೂರಾ ಹೊದ್ಸ್ ಅಂದಿರ್ ಒಡೀರ್.”

ನಾಗು ತುದಿಯ ಒಂದು ಪಕಾಸನ್ನು ಜಗ್ಗಿ ಕಿತ್ತಳು. ಅದು ಕುಷ್ಟ ಕಡಿದು ತಂದ ಮರ, ಒಡೆಯರದಲ್ಲ. ಕತ್ತಿಯಿಂದ ಸೀಳಿ, ಒಲೆಗೆ ತುರುಕಿ, ಬೆಂಕಿ ಹಚ್ಚಿ, ಗಂಜಿಗೆ ಇಟ್ಟಳು. ಇಷ್ಟು ವರ್ಷ ಕಣ್ಣು ಉರಿಸಿದ ಹೊಗೆ ಇವತ್ತು ನೆಟ್ಟಗೆ ಮೇಲಕ್ಕೆ ಹೋಯಿತು. ಗುಡ್ಡೆಯ ಮೇಲಿನ ದೊಡ್ಡ ಮನೆಯ ಜಗಲಿಯಿಂದ ಅದು ಚೆನ್ನಾಗಿ ಕಾಣುವಂತಿತ್ತು.

ಚಂದು ಮೊದಲ ಹೊರೆ ಹಂಚನ್ನು ತಲೆಗೆ ಏರಿಸಿಕೊಂಡು ಹೊರಟ. ನಾಗು ಒಲೆ ಊದುತ್ತಲೇ ಕರೆದಳು.

“ಹ್ವಾಯ್ ಚಂದು, ಒಡೀರ್ ಅಕ್ಕಂದಿರ್ ಕುಂದಾಪ್ರದ್ ವಕೀಲ್ರ್ ಇದ್ರಲೆ, ಅವ್ರ್ ಮನಿ ಎಲ್ಲ್ ಬತ್ತ್?”

ಚಂದು ತಿರುಗಿ ನಿಂತ. “ಎಂತಕ್ಕೆ?”

“ನಾಳಿಕ್ ಪಾಸ್‌ಬುಕ್ ಹಿಡ್ಕಂಡ್ ಹೋಪುಕಿತ್ತ್. ಒಡೀರ್ ಕೇಂಡ್ರೆ ನೀನೇ ಹೇಳ್, ನಾಗು ದಾರಿ ಕೇಂಡ್ಳ್ ಅಂದ್ಹೇಳಿ.”

ಚಂದು ದೊಡ್ಡ ಮನೆಯ ಕಡೆ ನೋಡಿದ, ಖಾಲಿ ಮಾಡಿನ ಕಡೆ ನೋಡಿದ. ಗಂಜಿ ಕುದಿಯತೊಡಗಿತು. ಅವನು ಹಂಚಿನ ಹೊರೆಯನ್ನು ಕೊಂಡೊಯ್ಯಲೂ ಆಗದೆ, ಕೆಳಗಿಳಿಸಲೂ ಆಗದೆ, ಕತ್ತು ನೆಟ್ಟಗೆ ಮಾಡಿಕೊಂಡು ಅಂಗಳದಲ್ಲೇ ನಿಂತಿದ್ದ.