ಆರನೆಯ ಸಾಲಿನ ಹಾಡು

ಮೊದಲ ಏಟು ಕಂಪ್ಯೂಟರಿಗೆ ಬಿತ್ತು, ಎರಡನೆಯದು ಜಟ್ಟಪ್ಪನಿಗೆ.

ತೊಂಬತ್ತೊಂಬತ್ತರ ದೀಪಾವಳಿ ಮುಗಿದು ವಾರವಾಗಿತ್ತು. ಶಿಕಾರಿಪುರದ ಕಡೆಯ ಒಂದು ಊರಿನಲ್ಲಿ ಹೋರಿ ಬೆದರಿಸುವ ಹಬ್ಬ. ಎರಡು ಬೇಲಿಗಳ ನಡುವಿನ ಉದ್ದನೆಯ ಅಖಾಡದಲ್ಲಿ, ಕೊರಳಿಗೆ ಕೊಬ್ಬರಿ ಸರ ಕಟ್ಟಿದ ಹೋರಿಗಳನ್ನು ಒಂದೊಂದಾಗಿ ಬಿಡುತ್ತಾರೆ. ಓಡುವ ಹೋರಿಯನ್ನು ತಬ್ಬಿ ಕೊಬ್ಬರಿ ಕಿತ್ತರೆ ಹಿಡಿದವನು ಗಂಡಸು. ಯಾರ ಕೈಗೂ ಸಿಗದೆ ದಾಟಿದರೆ ಅದು ಹೋರಿ. ಸೊರಬದ ಜಟ್ಟಪ್ಪ ಟ್ರ್ಯಾಕ್ಟರಿನ ಟ್ರೇಲರಿಗೆ ಸ್ಪೀಕರು, ಆಂಪ್ಲಿಫೈಯರು, ಜನರೇಟರು, ಹೋದ ವರ್ಷ ಕೊಂಡ ವಿಂಡೋಸ್ ಕಂಪ್ಯೂಟರು ಎಲ್ಲ ಹೇರಿಕೊಂಡು ಬಂದು, ಪ್ರತಿ ಹೋರಿಗೂ ಅದರದೇ ಹಾಡು ಹಾಕುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅಖಾಡದ ಧೂಳೆಲ್ಲ ಕಂಪ್ಯೂಟರಿನ ಹೊಟ್ಟೆಗೆ ಹೋಗಿ, ಪರದೆ ಕಲ್ಲಿನಂತೆ ನಿಂತುಬಿಟ್ಟಿತು.

"ಹಾಡು ಹಾಕಲೇ!"

"ನಿಂತೈತೆ ಕಣ್ರಪ್ಪಾ, ಒಂದು ನಿಮಿಷ..."

"ನಿಮ್ಮಪ್ಪನ ನಿಮಿಷ! ನಮ್ಮ ಹೋರಿ ಏನು ಹೆಣದ ಹಿಂದೆ ಹೊಂಟೈತೇನಲೇ, ಸುಮ್ಮನೆ ಹೋಗಾಕೆ?"

ವರ್ಷವಿಡೀ ಹುರುಳಿ ಬೇಯಿಸಿ ತಿನ್ನಿಸಿದ ಹೋರಿ ಮೌನದಲ್ಲಿ ಓಡುವುದೆಂದರೆ ಮನೆತನದ ಮುಖಕ್ಕೆ ಉಗುಳಿದಂತೆ. ಐದಾರು ಮಂದಿ ಟ್ರೇಲರ್ ಹತ್ತಿದರು. ಒಬ್ಬ ಮಾನಿಟರಿಗೆ ಒದ್ದ. ಗಾಜು ಸಿಡಿದು ಜಟ್ಟಪ್ಪನ ಕೆನ್ನೆಗೆ ನೆಟ್ಟಿತು. ಇನ್ನೊಬ್ಬ ಹೋರಿ ಹೊಡೆಯುವ ಬಾರುಕೋಲಿನಿಂದ ಅವನ ಹೆಗಲಿಗೆ ಬಾರಿಸಿದ. ಮೂಳೆ ಮುರಿದ ಸದ್ದು ಅವನಿಗೇ ಕೇಳಿಸಿತು. ಅಖಾಡದಲ್ಲಿದ್ದ ಮಗ ತೀರ್ಥೇಶ ಓಡಿಬಂದು, ಒಬ್ಬನ ಜುಟ್ಟು ಹಿಡಿದು ಟ್ರೇಲರಿನ ಅಂಚಿಗೆ ಕುಟ್ಟಿ, ಅಪ್ಪನನ್ನು ಎಳೆದುಕೊಂಡು ಹೋಗದಿದ್ದರೆ ಅಂದೇ ಮುಗಿಯುತ್ತಿತ್ತು.

ಹೂವಮ್ಮ ಗಂಡನ ಕೈಯನ್ನು ಹಳೆ ಸೀರೆಯ ಪಟ್ಟಿಯಲ್ಲಿ ಕೊರಳಿಗೆ ಕಟ್ಟುತ್ತ ಗದರಿದಳು. "ಕ್ಯಾಸೆಟ್ಟು ಹಾಕೋವಾಗ ಒಬ್ಬರಾದ್ರೂ ಹೊಡೆದಿದ್ರೇನ್ರೀ? ಕಂಪ್ಯೂಟ್ರು ಬಂತು, ಏಟು ಬಂತು."

"ಕ್ಯಾಸೆಟ್ಟಿನ ಕಾಲ ಹೋಯ್ತು ಕಣೆ. ಬೇರೆ ಮಿಷನ್ ನೋಡ್ತೀನಿ."

ಬೇರೆ ಮಿಷನ್ ಸಿಕ್ಕಿದ್ದು ಶಿಕಾರಿಪುರದಲ್ಲಿ ಮುದ್ರಣಾಲಯ ಇಟ್ಟಿದ್ದ ಚಂದ್ರಶೇಖರನ ಹತ್ತಿರ. ಲಗ್ನಪತ್ರಿಕೆ, ಕರಪತ್ರಗಳನ್ನು ಅವನು ಮ್ಯಾಕ್ ಕಂಪ್ಯೂಟರಿನಲ್ಲಿ ಜೋಡಿಸುತ್ತಿದ್ದ. ಹೊಸದು ಬಂದಿದ್ದರಿಂದ ಹಳೆಯದನ್ನು ಕೊಡಲು ತಯಾರಿದ್ದ.

"ಇದರ ಮೌಸಿಗೆ ಒಂದೇ ಗುಂಡಿ ಅಲ್ಲೇನ್ರೀ?" ಜಟ್ಟಪ್ಪ ಅನುಮಾನದಿಂದ ಕೇಳಿದ.

"ನಿಮಗೂ ಈಗ ಒಂದೇ ಕೈ ಅಲ್ಲೇನ್ರೀ? ಸರಿಹೋತು ಬಿಡ್ರಿ, ಜೋಡಿ," ಅಂದ ಚಂದ್ರಶೇಖರ. "ಧೂಳಿಗೆ ಬಟ್ಟೆ ಹೊದಿಸಿಡ್ರಿ ಸಾಕು. ಮೊದಲನೆ ಹಬ್ಬಕ್ಕೆ ನಾನೂ ಬರ್ತೀನಿ, ಹೆದರಬ್ಯಾಡ್ರಿ."

ಹಾಡುಗಳನ್ನೆಲ್ಲ ಚಂದ್ರಶೇಖರನೇ ಹೊಸ ಯಂತ್ರಕ್ಕೆ ಇಳಿಸಿಕೊಟ್ಟ. ಜಟ್ಟಪ್ಪನಿಗೆ ಇಂಗ್ಲಿಷ್ ಅಕ್ಷರ ಬಾರದು. ಕ್ಯಾಸೆಟ್ಟುಗಳನ್ನು ಗೂಡಿನಲ್ಲಿ ಎಷ್ಟನೆಯದು ಅಂತ ನೆನಪಿಡುತ್ತಿದ್ದಂತೆ, ಪರದೆಯ ಮೇಲೂ ಸಾಲು ಎಣಿಸಿ ಹಾಡು ಹಿಡಿಯುತ್ತಿದ್ದ. ಹಳೆಯ ಕಂಪ್ಯೂಟರಿನಲ್ಲಿ ಹೊಸ ಹಾಡು ಸೇರಿಸಿದರೆ ಕೊನೆಗೆ ಹೋಗಿ ಕೂರುತ್ತಿತ್ತು. ಮೇಲಿನ ಸಾಲುಗಳು ಕದಲುತ್ತಿರಲಿಲ್ಲ. ಇಲ್ಲಿಯೂ ಎರಡು ದಿನ ಕುಳಿತು ಸಾಲುಗಳನ್ನು ಬಾಯಿಪಾಠ ಮಾಡಿಕೊಂಡ. ಐದನೆಯದು ಶಹನಾಯಿ, ಜನ ಕುಂಕುಮ ಹಚ್ಚಿ ಕೈಮುಗಿಯುವ ತೊಗರ್ಸಿಯ ಮುದಿಹೋರಿ ನಂದಿಯದು. ಆರನೆಯದು ಡೊಳ್ಳು, ಕಹಳೆ, ಅದು ಕರಿಸಿಡಿಲಿನದು.

ಕರಿಸಿಡಿಲು ಶಿಕಾರಿಪುರದ ಗುರುಮಲ್ಲಪ್ಪನ ಹೋರಿ. ಹೋದ ವರ್ಷ ಅದು ಜಟ್ಟಪ್ಪನ ಪಕ್ಕದ ಮನೆಯ ಕೆಂಪಪ್ಪನ ಹೊಟ್ಟೆ ಸೀಳಿತ್ತು. ತೀರ್ಥೇಶನೇ ಅವನ ಕರುಳನ್ನು ಟವೆಲ್ಲಿನಲ್ಲಿ ಒತ್ತಿ ಹಿಡಿದುಕೊಂಡು ಆಸ್ಪತ್ರೆಯ ತನಕ ಕೂತಿದ್ದ. ಕೆಂಪಪ್ಪ ದಾರಿಯಲ್ಲೇ ಹೋದ. ಅಂದಿನಿಂದ ಹೂವಮ್ಮ ಮಗನಿಗೆ ಹೋರಿ ಹಿಡಿಯಬೇಡ ಎಂದು ಗೋಗರೆದಿದ್ದಳು. ಅವನು ಕೇಳಲಿಲ್ಲ. ಕೊನೆಗೆ ಒಂದು ಮಾತಿಗೆ ಒಪ್ಪಿದ.

"ಕರಿಸಿಡಿಲಿಗೆ ಮಾತ್ರ ನಿಲ್ಲಲ್ಲ ಕಣವ್ವ. ಅದರ ಹಾಡು ಕೇಳಿದ ಕೂಡ್ಲೆ ಬೇಲಿ ಹತ್ತಿ ಕೂರ್ತೀನಿ. ಆಣೆ."

ಹೂವಮ್ಮ ಗಂಡನ ಕಡೆ ತಿರುಗಿದ್ದಳು. "ಕೇಳಿದ್ರಾ? ನನ್ನ ಮಗನ ಜೀವ ನಿಮ್ಮ ಹಾಡಿನ ಮೇಲೆ ಐತೆ."

ಹಾಡನ್ನು ನಂಬಿದವನು ತೀರ್ಥೇಶ ಒಬ್ಬನೇ ಆಗಿರಲಿಲ್ಲ. ಹೋರಿ ಬಾಗಿಲು ದಾಟುವ ತನಕ ಅದರ ಹೆಸರನ್ನು ಮೈಕಿನಲ್ಲಿ ಕೂಗುವಂತಿಲ್ಲ, ದೃಷ್ಟಿ ತಾಗುತ್ತದೆ. ಹಾಗಾಗಿ ಬರುವುದು ಯಾವ ಹೋರಿ ಎಂದು ಅಖಾಡಕ್ಕೆ ತಿಳಿಸುವುದು ಹಾಡು ಮಾತ್ರ. ಸೌಮ್ಯದ್ದಾದರೆ ಜನ ಒಳಗೆ ಇಳಿಯುತ್ತಾರೆ, ಕೊಲ್ಲುವುದಾದರೆ ಹೊರಗೆ ಹಾರುತ್ತಾರೆ. ಹಾಡು ಹಾಕಿ ಜಟ್ಟಪ್ಪ ಕೆಂಪು ಟವೆಲ್ ಬೀಸಿದರೆ ಬಾಗಿಲಿನವರು ಹಗ್ಗಗಳನ್ನು ಒಂದೊಂದಾಗಿ ಬಿಚ್ಚಿ ಹೋರಿ ಬಿಡುತ್ತಾರೆ. ಸ್ಪೀಕರುಗಳ ಬಾಯಿ ಅಖಾಡದ ಕಡೆಗೆ. ಬಾಗಿಲ ಬಳಿ ಹೋರಿಯ ಕಡೆಯವರ ಹಲಗೆ, ಸಿಳ್ಳೆಯ ಗಲಾಟೆಯಲ್ಲಿ ಟವೆಲ್ ಬಿಟ್ಟರೆ ಬೇರೇನೂ ತಿಳಿಯುವುದಿಲ್ಲ.

ಮ್ಯಾಕ್ ಹೊತ್ತುಕೊಂಡು ಹೋದ ಮೊದಲ ಹಬ್ಬ ಸೊರಬದ ಆಚೆಯ ಊರಿನದು. ಬೆಳಗಿನಿಂದ ಒಂದು ತಪ್ಪೂ ಆಗಲಿಲ್ಲ. ಹಾಡು ಗುಂಡಿ ಒತ್ತಿದ ಕ್ಷಣಕ್ಕೆ ಸಿಡಿಯುತ್ತಿತ್ತು. ಜನ ಜಟ್ಟಪ್ಪನ ಕಡೆ ಕೈಯೆತ್ತಿ ಸಿಳ್ಳೆ ಹೊಡೆದರು. ಕೆಳಗೆ ತೀರ್ಥೇಶ ಎರಡು ಹೋರಿಗಳ ಕೊಬ್ಬರಿ ಕಿತ್ತು, ಒಂದು ಗಿಟುಕನ್ನು ಟ್ರೇಲರಿಗೆ ಎಸೆದ.

"ತಿನ್ನಾ ಅಪ್ಪ! ಒಂದೇ ಕೈಲಿ ದುಡೀತಿದ್ದೀಯ!"

"ಮೈಮೇಲೆ ಜ್ಞಾನ ಇರ್ಲಿ ಕಣಾ, ಕೋಡಗ!"

ಊಟದ ಹೊತ್ತಿಗೆ ತಡವಾಗಿ ಬಂದ ಒಂದು ಹೋರಿಯವರು ತಮ್ಮ ಹಾಡಿನ ಸಿ.ಡಿ. ತಂದುಕೊಟ್ಟರು. ಚಂದ್ರಶೇಖರ ಅದನ್ನು ಒಳಗೆ ಇಳಿಸಿ, ಪರದೆಯ ಮೇಲೆ ಬೆರಳಿಟ್ಟು ತೋರಿಸಿದ. "ಇದೇ ನೋಡ್ರಿ, ಎಲ್ಲಕ್ಕಿಂತ ಮೇಲೆ ಬಂತು. ಹಾಕಿಬಿಡ್ರಿ. ನಾನು ಒಂಚೂರು ಮಂಡಕ್ಕಿ ತಿಂದು ಬರ್ತೀನಿ." ಜಟ್ಟಪ್ಪ ಅದನ್ನು ಹಾಕಿದ. ಹೋರಿ ಓಡಿತು, ಯಾರಿಗೂ ಸಿಗದೆ ದಾಟಿತು. ಹೊಸದು ಮೇಲೆ ಕೂತಾಗ ಉಳಿದೆಲ್ಲವೂ ಒಂದೊಂದು ಸಾಲು ಕೆಳಗಿಳಿದಿವೆ ಎಂಬುದು ಅವನ ತಲೆಗೆ ಬರಲಿಲ್ಲ.

ಮುಂದಿನ ಸರದಿ ಕರಿಸಿಡಿಲಿನದು. ಬಾಗಿಲಲ್ಲಿ ಗುರುಮಲ್ಲಪ್ಪನ ಕಡೆಯವರು ಹಲಗೆ ಬಡಿಯತೊಡಗಿದರು. ಜಟ್ಟಪ್ಪ ಆರು ಸಾಲು ಎಣಿಸಿದ. ಒತ್ತಿದ. ಅದೇ ಉಸಿರಿನಲ್ಲಿ ಟವೆಲ್ ಬೀಸಿದ.

ಶಹನಾಯಿ ಮೊಳಗಿತು.

ಅವನ ಕೈ ಗಾಳಿಯಲ್ಲೇ ನಿಂತಿತು. ಕೆಳಗೆ ಅಖಾಡ ತುಂಬುತ್ತಿತ್ತು. ನಂದಿ ಬರುತ್ತದೆಂದು ಹುಡುಗರು ಬೇಲಿ ಬಿಟ್ಟು ಇಳಿದರು. ಹೆಂಗಸರು ಕುಂಕುಮದ ಬಟ್ಟಲು ಹಿಡಿದು ಬೇಲಿಯ ಸಂದಿಯಿಂದ ಒಳಗೆ ನುಸುಳಿದರು. ಅವರನ್ನು ಕಂಡು ಊರಿನ ಹಿರಿಯ ಚಿಕ್ಕಬೀರಪ್ಪನೂ ಕೋಲೂರಿಕೊಂಡು ಬಂದು ಅಖಾಡದ ನಟ್ಟನಡುವೆ ನಿಂತು, ಪೇಟ ತೆಗೆದು ಕೈಮುಗಿದ. ತೀರ್ಥೇಶ ಸೊಂಟದ ಮೇಲೆ ಕೈಯಿಟ್ಟು ನಗುತ್ತ ನಿಂತಿದ್ದ.

"ಓಡ್ರೋ! ಅದಲ್ಲ! ಅದಲ್ಲ ಓಡ್ರೋ!" ಮೈಕು ಹಿಡಿದು ಜಟ್ಟಪ್ಪ ಅರಚಿದ. ಶಹನಾಯಿ ಅವನ ದನಿಯನ್ನು ನುಂಗಿತು.

ಕರಿಸಿಡಿಲು ಬಂತು.

ಮೊದಲು ಸಿಕ್ಕವನನ್ನು ಅದು ತಿವಿಯಲಿಲ್ಲ, ತುಳಿದೇ ಹೋಯಿತು. ಎರಡನೆಯವನನ್ನು ಕೋಡಿನಲ್ಲಿ ಎತ್ತಿ ಬೇಲಿಯ ಗೂಟಕ್ಕೆ ಎಸೆಯಿತು. ಅವನ ದವಡೆ ಗೂಟಕ್ಕೆ ಬಡಿದು ಬಾಯಿ ಪಕ್ಕಕ್ಕೆ ತಿರುಗಿತು. ಕುಂಕುಮದ ಬಟ್ಟಲು ಹಿಡಿದಿದ್ದ ಹೆಂಗಸೊಬ್ಬಳು ನೆಲಕ್ಕೆ ಬಿದ್ದಳು, ಅವಳ ಅಂಗೈ ಮೇಲೆ ಗೊರಸು ಊರಿತು. ಮಣ್ಣಿನ ಮೇಲೆ ಕೆಂಪು ಎಷ್ಟು ಕುಂಕುಮ, ಎಷ್ಟು ನೆತ್ತರು ಎಂದು ಹೇಳುವಂತಿರಲಿಲ್ಲ.

ಜಟ್ಟಪ್ಪ ಐದನೆಯ ಸಾಲು ಒತ್ತಿದ. ಯಾವುದೋ ಬ್ಯಾಂಡು. ಏಳನೆಯದು ಒತ್ತಿದ. ಡೊಳ್ಳು ಗುಡುಗಿತು, ಕಹಳೆ ಎದ್ದಿತು. ಹಾಡು ಕೇಳಿದ ಜನಕ್ಕೆ ಏನು ಮಾಡಬೇಕೆಂದು ಗೊತ್ತಿತ್ತು. ಒಬ್ಬರ ಮೇಲೊಬ್ಬರು ಬೇಲಿಗೆ ಹಾರಿದರು. ತೀರ್ಥೇಶನೂ ಹಾರಿದ. ಒಂದು ಕಾಲು ಬೇಲಿಯ ಆಚೆಗೆ ಹಾಕಿದ್ದನ್ನು ಜಟ್ಟಪ್ಪ ಕಣ್ಣಾರೆ ಕಂಡ.

ಚಿಕ್ಕಬೀರಪ್ಪ ಮಾತ್ರ ಕೈಮುಗಿದೇ ನಿಂತಿದ್ದ. ಕಿವಿ ಮಂದ, ಕಣ್ಣು ಮಂದ. ಎದುರಿಗೆ ಬರುವುದು ನಂದಿ ಎಂದೇ ತಿಳಿದು ತಲೆ ಬಾಗಿಸಿದ್ದ.

ತೀರ್ಥೇಶ ಬೇಲಿಯ ಮೇಲಿಂದ ಹಿಂದಕ್ಕೆ ಜಿಗಿದ. ಅಡ್ಡಡ್ಡ ಓಡಿ, ಹೋರಿಯ ಕೊರಳಿಗೆ ಜೋತುಬಿದ್ದು, ಡುಬ್ಬವನ್ನು ಎರಡೂ ತೋಳಿನಲ್ಲಿ ತಬ್ಬಿದ. ಹೋರಿ ವಾಲಿತು. ಮುದುಕನ ಕೋಲು ಮುರಿಯಿತು, ಮುದುಕ ಉಳಿದ. ಕರಿಸಿಡಿಲು ತಲೆ ಕೊಡವಿತು, ತೀರ್ಥೇಶ ಜಾರಿದ. ಕೋಡು ಅವನ ತೊಡೆಯ ಒಳಭಾಗಕ್ಕೆ ಹೊಕ್ಕು, ಎತ್ತಿ, ಹಸಿ ಚೀಲ ಹರಿದಂತೆ ಹರಿಯಿತು. ನಾಲ್ಕು ಮಾರು ಎಳೆದುಕೊಂಡು ಹೋಗಿ ಬಿಸಾಕಿತು.

ಜಟ್ಟಪ್ಪ ಟ್ರೇಲರಿನಿಂದ ಇಳಿಯಲು ತಿರುಗುವಷ್ಟರಲ್ಲಿ ಜನ ಮೇಲೆ ಬಂದಿದ್ದರು. ಗಾಯಗೊಂಡವರ ನೆಂಟರು ಒಂದು ಕಡೆಯಿಂದ. ತಮ್ಮ ಹೋರಿಗೆ ಮುದಿ ಹೋರಿಯ ಹಾಡು ಹಾಕಿದನೆಂದು ಗುರುಮಲ್ಲಪ್ಪನ ಕಡೆಯವರು ಇನ್ನೊಂದು ಕಡೆಯಿಂದ.

"ಕರಿಸಿಡಿಲಿಗೆ ಪೀಪಿ ಊದಿಸ್ತೀಯೇನಲೇ ಸೂಳೆಮಗನೆ?"

"ಬಿಡ್ರೋ, ನನ್ನ ಮಗ ಬಿದ್ದಿದ್ದಾನೆ! ಆಮೇಲೆ ಹೊಡೀರಿ!"

ಯಾರೂ ಕೇಳಲಿಲ್ಲ. ಮುರಿದ ಹೆಗಲ ಮೇಲೆಯೇ ಗುದ್ದು ಬಿತ್ತು. ಮ್ಯಾಕ್ ಅನ್ನು ಇಬ್ಬರು ಎತ್ತಿ ನೆಲಕ್ಕೆ ಕುಕ್ಕಿದರು. ಸ್ಪೀಕರುಗಳನ್ನು ಒದ್ದು ಉರುಳಿಸಿದರು. ಡೊಳ್ಳು ನಿಂತಿತು. ಆ ನಿಶ್ಶಬ್ದದಲ್ಲಿ ಅಖಾಡದಿಂದ "ಅವ್ವಾ" ಎಂದು ಕೇಳಿಸಿತು.

ಜಟ್ಟಪ್ಪ ತನ್ನ ಕೈಗೆ ಸಿಕ್ಕಿದ ಮೈಕಿನ ಕಬ್ಬಿಣದ ಕೋಲನ್ನು ಎತ್ತಿ, ಕೊರಳಪಟ್ಟಿ ಹಿಡಿದಿದ್ದವನ ಮುಖಕ್ಕೆ ಬೀಸಿದ. ಮೂಗು ಒಡೆಯಿತು. ಇನ್ನೊಬ್ಬನ ಮೊಣಕಾಲಿಗೆ. ಅಡ್ಡ ಬಂದ ಮೂರನೆಯವನ ಬೆರಳುಗಳ ಮೇಲೆ. ಜೀವಮಾನದಲ್ಲಿ ಒಂದು ನಾಯಿಗೂ ಕಲ್ಲು ಹೊಡೆಯದ ಮನುಷ್ಯ ಒಂದೇ ಕೈಯಲ್ಲಿ ದಾರಿ ಕೊಯ್ದುಕೊಂಡು ಕೆಳಗಿಳಿದ.

ಮಗನನ್ನು ಟ್ರೇಲರಿಗೆ ಹಾಕಿದವರು ಯಾರೆಂದು ಅವನಿಗೆ ನೆನಪಿಲ್ಲ. ಟ್ರ್ಯಾಕ್ಟರನ್ನು ಅವನೇ ಓಡಿಸಿದ. ಹಿಂದೆ ಚಂದ್ರಶೇಖರ ಎರಡೂ ಮೊಣಕಾಲನ್ನು ತೀರ್ಥೇಶನ ತೊಡೆಸಂದಿಗೆ ಒತ್ತಿ ಕೂತಿದ್ದ. ಅವನ ಬಿಳಿ ಪ್ಯಾಂಟು ಸೊಂಟದ ತನಕ ಕೆಂಪಾಗಿತ್ತು.

"ಜಟ್ಟಪ್ಪಾರೇ, ಪ್ರೆಸ್ಸಿನಾಗೆ ಹಂಗೇ ಇಟ್ಕಂಡಿದ್ವಿ ರೀ. ಇವತ್ತಿನ ಕೆಲಸ ಮೇಲೆ ಬರ್ಲಿ, ಹಳೇದು ಕೆಳಗೆ ಹೋಗ್ಲಿ ಅಂತ. ನೀವು ಸಾಲು ಎಣಿಸ್ತೀರಿ ಅಂತ ನನಗೇನು ಗೊತ್ರೀ! ಹೆಸರು ಓದ್ತೀರಿ ಅಂದ್ಕಂಡೆ."

"ಒತ್ತಿ ಹಿಡಿ. ಮಾತಾಡ್ಬೇಡ. ಒತ್ತಿ ಹಿಡಿ."

ಸೊರಬದ ಆಸ್ಪತ್ರೆಯಲ್ಲಿ ಡಾಕ್ಟರು ತೊಡೆ ನೋಡಿದವರೇ ಮೇಜಿನ ಮೇಲೆ ಮಲಗಿಸಿದರು. ಶಿವಮೊಗ್ಗಕ್ಕೆ ಕಳಿಸಬೇಕು, ಆದರೆ ದಾರಿಗೆ ಸಾಕಾಗುವಷ್ಟು ರಕ್ತ ಉಳಿದಿಲ್ಲ. ಅರಿವಳಿಕೆ ಹತ್ತುವ ತನಕ ಕಾಯುವಂತೆಯೂ ಇಲ್ಲ, ರಕ್ತನಾಳ ಹಿಡಿದು ಈಗಲೇ ಕಟ್ಟುತ್ತೇನೆ, ಎಂದು ಬಾಗಿಲು ಹಾಕಿಕೊಂಡರು. "ಕೂಗ್ತಾ ಇದ್ರೆ ಒಳ್ಳೇದು," ಅಂದರು ಹೋಗುತ್ತಾ.

ಹೂವಮ್ಮ ಸುದ್ದಿ ಕೇಳಿ ಬರಿಗಾಲಲ್ಲೇ ಓಡಿಬಂದಿದ್ದಳು. ಗಂಡನ ಮುಖದ ನೆತ್ತರನ್ನಾಗಲಿ, ಜೋತುಬಿದ್ದ ಕೈಯನ್ನಾಗಲಿ ನೋಡಲಿಲ್ಲ.

"ಹಾಡು ಹಾಕಿದ್ರಾ?"

"ಹಾಕಿದೆ."

"ಮೊದ್ಲೇ ಹಾಕಿದ್ರಾ?"

ಜಟ್ಟಪ್ಪ ಇಲ್ಲವೆಂದು ತಲೆಯಾಡಿಸಿದ.

ಹೂವಮ್ಮ ಅವನ ಕೆನ್ನೆಗೆ ಹೊಡೆದಳು. ಗಾಜು ನೆಟ್ಟ ಕಡೆಯಲ್ಲೇ ಬಿತ್ತು. ಮತ್ತೆ ಹೊಡೆದಳು. ಚಂದ್ರಶೇಖರ "ಅಕ್ಕಾ, ತಪ್ಪು ನಂದೂ ಐತಿ" ಅಂತ ಅಡ್ಡ ಬಂದ. ಅವನಿಗೂ ಒಂದು ಬಿತ್ತು. ಮೂರನೆಯ ಸಲ ಎತ್ತಿದ ಕೈಯನ್ನು ಒಳಗಿನ ಕಿರುಚಾಟ ತಡೆಯಿತು. ಗಂಡುಮಗ ಆ ಥರ ಕಿರುಚಿದ್ದನ್ನು ಅವರು ಕೇಳಿರಲಿಲ್ಲ. ಗೋಡೆಗಳು ಹೆದರುವಂತಿತ್ತು.

ಜಟ್ಟಪ್ಪ ಕಿವಿ ಮುಚ್ಚಿಕೊಂಡ.

"ತೆಗೀರಿ ಕೈನ," ಅಂದಳು ಹೂವಮ್ಮ. "ಕೇಳ್ರಿ. ಕೂಗೋ ತನಕ ಇದ್ದಾನೆ."

ಅವನು ಕೈ ತೆಗೆದ. ಕೂಗು ಏರಿತು, ಇಳಿಯಿತು, ಮತ್ತೆ ಏರಿತು. ಒಂದು ಸಲ ನಡುವಿನಲ್ಲೇ ಕಡಿದುಹೋಯಿತು. ಹೊರಗೆ ಬಸ್ಸೊಂದು ಹಾರನ್ ಮಾಡಿ ಹೋಯಿತು. ಒಳಗಿನಿಂದ ಏನೂ ಇಲ್ಲ.

ಹೂವಮ್ಮ ಎದ್ದು ಬಾಗಿಲನ್ನು ಎರಡೂ ಮುಷ್ಟಿಯಲ್ಲಿ ಗುದ್ದಿದಳು. "ತೀರ್ಥಾ! ಏ ತೀರ್ಥಾ! ಕೂಗಾ! ಕೂಗಾ ನನ್ನಪ್ಪ!"

ಏನೂ ಇಲ್ಲ. ಜಟ್ಟಪ್ಪನೂ ಬಂದು ಅವಳ ಪಕ್ಕದಲ್ಲಿ ಒಂದೇ ಕೈಯಿಂದ ಗುದ್ದತೊಡಗಿದ.

ಆಮೇಲೆ ಒಳಗಿನಿಂದ, ಸೋತು ಸೀಳಿದ ದನಿಯಲ್ಲಿ, ಡಾಕ್ಟರ ತಾಯಿಯನ್ನು ಹಿಡಿದು ಒಂದು ಹೊಲಸು ಬೈಗುಳ ಬಂತು.

ಹೂವಮ್ಮ ಬಾಗಿಲಿಗೆ ಹಣೆಯಿಟ್ಟಳು. "ಹಾಂ," ಅಂದಳು. "ಬೈಯಾ. ಇನ್ನೂ ಬೈಯಾ."