ಕೂತೇ ಹೊರಟ ಸದಾಶಿವಪ್ಪ

ಶವಪೆಟ್ಟಿಗೆಯ ಮುಚ್ಚಳ ಇಳಿಸುತ್ತಿದ್ದವಳ ಕೈಯನ್ನು ಚೆನ್ನಮ್ಮ ಗಪ್ಪನೆ ಹಿಡಿದರು.

“ಮುಚ್ಚಬ್ಯಾಡ್ರಿ. ನಮ್ಮನೆಯವರ್ನ ಮೊದ್ಲ ಕುಂದರಸ್ರಿ.”

ಶವಸಂಸ್ಕಾರದ ಏರ್ಪಾಟು ಮಾಡುವ ಫ್ಯೂನರಲ್ ಹೋಮಿನ ಆ ಹುಡುಗಿಗೆ ಕನ್ನಡ ಬಾರದು. ಚೆನ್ನಮ್ಮನ ಮಗ ದೇವ್‌ನ ಮುಖ ನೋಡಿದಳು.

“ಅವ್ವಾ, ನೋ. ಪೀಪಲ್ ವಿಲ್ ಫ್ರೀಕ್ ಔಟ್.”

“ಗಾಬರಿ ಆದ್ರ ಆಗ್ಲಿ ಬಿಡೋ! ಲಿಂಗಾಯತರು ನಾವು, ಮಲಗಿಸಿ ಕಳಸೂದಿಲ್ಲ. ಸಿಮೆಟ್ರಿಯಾಗ ಹೂಳಾಕ ಪೆಟ್ಟಿಗಿ ಬೇಕಂದ್ರ ಇರ್ಲಿ. ಭಜನಿ ಮುಗಿಯೂತನಕರೆ ಅವರು ಕುಂತಿರಬೇಕು.”

“ಎಲ್ಲೆ ಕುಂದರಿಸ್ತಿ ಚೆನ್ನವ್ವಾ? ಪ್ಲಾಸ್ಟಿಕ್ ಕುರ್ಚ್ಯಾಗ?” ಎಂದರು ಗಂಡನ ಹಳೆಯ ಗೆಳೆಯ, ಡಾಕ್ಟರ್ ರಾಜಶೇಖರ.

ಚೆನ್ನಮ್ಮ ಗೋಡೆಯತ್ತ ಕೈ ತೋರಿದರು. ಹಿಂದೆ ಪಾದ್ರಿಗಳು ಕೂರುತ್ತಿದ್ದ ಅಗಲವಾದ ಕಲ್ಲುಪೀಠ ಅಲ್ಲಿತ್ತು. ದೇವ್ ಇಂಗ್ಲಿಷಿನಲ್ಲಿ ವಿವರಿಸಿದ. ಹುಡುಗಿ ಕೊಂಚ ಯೋಚಿಸಿ, “ಹಾಫ್ ಆನ್ ಅವರ್,” ಎಂದು ಅರ್ಧ ಗಂಟೆಯ ಗಡುವು ಕೊಟ್ಟಳು.

*

ಅವರೆಲ್ಲ ಸೇರಿದ್ದ ಆ ಕಟ್ಟಡ ಏಳುನೂರು ವರ್ಷದ ಕೆಳಗೆ ಇಂಗ್ಲೆಂಡಿನಲ್ಲಿ ಕಟ್ಟಿದ ಚರ್ಚು. ಯಾವನೋ ಸಾಹುಕಾರ ಅದರ ಕಲ್ಲುಗಳನ್ನೆಲ್ಲ ಬಿಚ್ಚಿಸಿ, ಹಡಗಿನಲ್ಲಿ ಸಾಗರ ದಾಟಿಸಿ, ಇವರೆಲ್ಲ ಈಗ ನೆಲೆಸಿರುವ ಥಾರ್ನ್‌ಹಿಲ್‌ನಲ್ಲಿ ಮತ್ತೆ ನಿಲ್ಲಿಸಿದ್ದ. ಪ್ರಾರ್ಥನೆಗೆ ಬರುವವರೇ ಇಲ್ಲದಾಗಿ ಕೆಡವುವ ಮಾತು ಬಂದಾಗ ಅಡ್ಡ ನಿಂತವರಲ್ಲಿ ಚೆನ್ನಮ್ಮನ ಗಂಡ ಸದಾಶಿವಪ್ಪನವರೂ ಒಬ್ಬರು. ಜೀವಮಾನವಿಡೀ ಚರಂಡಿ ಪೈಪು ಹಾಕಿಸಿದ ಎಂಜಿನಿಯರು, ನಿವೃತ್ತಿಯಾದ ಮೇಲೆ ಏಣಿ ಹತ್ತಿ ಕಲ್ಲುಗಳ ಒಂದೊಂದು ಸಂದಿಯನ್ನೂ ಬೆರಳಿಟ್ಟು ನೋಡಿದರು. ಬೇಡವೆಂದರೆ ಕೇಳುವ ಆಸಾಮಿಯಲ್ಲ. 2016ರಲ್ಲಿ ಅದು ಊರಿನ ಕಲಾಮಂದಿರವಾಯಿತು. ಚೀನೀಯರ ಹಾಡು, ಕನ್ನಡದವರ ನಾಟಕ, ಎಲ್ಲಕ್ಕೂ ಬಾಗಿಲು ತೆರೆಯಿತು.

ಮೊದಲ ದಿನ ಹೆಂಡತಿಯನ್ನು ಕರೆತಂದು, “ಮ್ಯಾಲೆ ನೋಡು,” ಎಂದಿದ್ದರು. ಕಮಾನುಗಳು ಏರಿ ಏರಿ ಕತ್ತಲಲ್ಲಿ ಕರಗಿದ್ದವು. ಚೆನ್ನಮ್ಮನ ಮೈ ಜುಮ್ಮೆಂದಿತ್ತು.

“ಹೆಸರಿಲ್ಲದ ಗೌಂಡಿ ಕಟ್ಟ್ಯಾನ ಇದನ್ನ. ಎಂಥಾ ಕೈ ನೋಡು!” ಎನ್ನುತ್ತ ಗಂಡ ಗೋಡೆಯ ಕಲ್ಲು ಸವರಿದ್ದರು.

*

ದೇವ್, ರಾಜಶೇಖರ ಇಬ್ಬರೂ ದೇಹವನ್ನು ಎತ್ತಿ ಕಲ್ಲುಪೀಠದ ಮೇಲೆ ಕೂರಿಸಿದರು. ಚೆನ್ನಮ್ಮ ಗಂಡನ ಹಣೆಗೆ ವಿಭೂತಿ ಹಚ್ಚಿ, ಅಂಗೈಗೆ ಇಷ್ಟಲಿಂಗ ಇಟ್ಟು ಭಜನೆ ಎತ್ತಿಕೊಂಡರು. ಹಾಡಿದವರು ನಾಲ್ವರೇ, ಆ ಕಲ್ಲುಗಳು ನಲವತ್ತು ದನಿಯಾಗಿ ತಿರುಗಿ ಕೊಟ್ಟವು. ಬಂದವರು, ಬಿಳಿಯರು ಕೂಡ, ತಾವಾಗಿ ಎದ್ದು ನಿಂತರು.

“ಮಠದ ಸ್ವಾಮಿಗಳಂಗ ಕಾಣ್ತಾನಲ್ಲ ನಮ್ಮ ಸದಾಶಿವ,” ರಾಜಶೇಖರ ಪಿಸುಗುಟ್ಟಿದರು.

ಅಷ್ಟರಲ್ಲಿ ದೇಹ ಒಂದು ಕಡೆಗೆ ವಾಲಿತು. ಹುಡುಗಿ ಮುಂದೆ ಬಂದಳು. ಅವಳಿಗಿಂತ ಮೊದಲೇ ದೇವ್ ನುಗ್ಗಿ, ಅಪ್ಪನ ಪಕ್ಕದಲ್ಲೇ ಒತ್ತಿಕೊಂಡು ಕೂತ. ತಲೆ ಬಂದು ಅವನ ಹೆಗಲಿಗೆ ಒರಗಿತು.

ಭಜನೆ ಮುಗಿಯಿತು. ದನಿ ಮಾತ್ರ ಮೇಲೆಲ್ಲೋ ಇನ್ನೂ ಸುತ್ತುತ್ತಿತ್ತು. ಹುಡುಗಿ ಗಡಿಯಾರ ನೋಡಿದಳು.

“ಅವ್ವಾ, ಇನ್ನೊಂದು ಹಾಡು,” ಎಂದ ದೇವ್.

ಅವನ ಕಪ್ಪು ಸೂಟಿನ ಹೆಗಲು ವಿಭೂತಿಯಿಂದ ಬೆಳ್ಳಗಾಗಿತ್ತು.