ತಂತಿಯೋ ಚಾನಲ್ಲೋ

ಊಟದ ಕೋಣೆಯಿಂದ ಬಾಲ್ಕನಿಗೆ ತೆರೆಯುವ ಗಾಜಿನ ಬಾಗಿಲಿಗೆ ಹೊರಗಿನಿಂದ, ಬಿಸಿಲು ತಡೆಯುವ ತಗಡಿನ ಪಟ್ಟಿಗಳ ಬ್ಲೈಂಡ್ ಹಾಕಿಸುವ ಮಾತು ಎದ್ದಾಗಲೇ ಅಳಿಯನಿಗೆ ಗೊತ್ತಿತ್ತು, ಇಲ್ಲಿ ತನ್ನ ಮಾತು ನಡೆಯುವುದಿಲ್ಲ ಎಂದು. ಗೊತ್ತಿದ್ದೂ ಬಾಯಿ ಹಾಕಿದ. ಅವನ ಗ್ರಹಚಾರ, ಯಾರೇನು ಮಾಡಲಾದೀತು!

ಮನೆ ಮಾವನದು. ಕೆಳಗಿನ ಬ್ಲೈಂಡ್ ಅಂಗಡಿಯೂ ಮಾವನದು. ಅಳಿಯ ಅಲ್ಲಿ ಅಳತೆ ತೆಗೆಯುವವನು, ಗೋಡೆ ಕೊರೆಯುವವನು, ಗಿರಾಕಿಗಳ ಬೈಗುಳ ತಿನ್ನುವವನು. ಸಂಜೆ ಮೆಟ್ಟಿಲು ಹತ್ತಿದರೆ ಅದೇ ಮಾವನ ಎದುರು ಊಟಕ್ಕೆ ಕೂರುವವನು. ಮದುವೆಯಾದಾಗ ಅವನಿಗೆ ತಲೆಯ ಮೇಲೊಂದು ಸೂರಿರಲಿಲ್ಲ, ಮಾವನಿಗೆ ಗಂಡುಮಕ್ಕಳಿರಲಿಲ್ಲ. ಎರಡೂ ಕಡೆಗೆ ಅನುಕೂಲವೇ ಆಯಿತು ಎಂದು ನೆಂಟರೆಲ್ಲ ತಲೆದೂಗಿದ್ದರು. ತಲೆದೂಗುವುದಕ್ಕೇನು, ಅವರೇನು ಆ ಮನೆಯಲ್ಲಿ ಬಾಳಬೇಕೆ?

ಮಾವ ಕೆಟ್ಟವರಾಗಿದ್ದರೆ ಎಷ್ಟೋ ವಾಸಿಯಿತ್ತು. ಜಗಳವಾಡಿ ಹೊರಬೀಳಬಹುದಿತ್ತು. ಅವರು ಒಳ್ಳೆಯವರು, ಅದೇ ಪೀಕಲಾಟ. ಅಳಿಯನಿಗೆ ಜ್ವರ ಬಂದರೆ ತಾವೇ ಡಾಕ್ಟರ ಬಳಿ ಕರೆದೊಯ್ಯುವರು, ಅವನಿಗೆ ಎಲ್ಲಿ ನೋಯುತ್ತಿದೆ ಎಂಬುದನ್ನೂ ತಾವೇ ಹೇಳಿಬಿಡುವರು. ಅವನ ಅಂಗಿಯ ಬಣ್ಣ, ಅವನ ಬೈಕಿನ ಟೈರು, ಅವನು ಕೂದಲು ಕತ್ತರಿಸಿಕೊಳ್ಳುವ ಅಂಗಡಿ ಎಲ್ಲವನ್ನೂ ಅವರೇ ಆರಿಸಿದ್ದರು. ಬಿಸಿಯೂಟ, ಮೆತ್ತನೆ ಹಾಸಿಗೆ, ಮರ್ಯಾದೆ ಯಾವುದಕ್ಕೂ ಕೊರತೆಯಿಲ್ಲ. ಉಸಿರಾಡುವುದಕ್ಕೆ ಮಾತ್ರ ಜಾಗ ಸಾಲದು.

ಹೀಗಿರುವಾಗ ಬೇರೊಂದು ಊರಿನ ಅಂಗಡಿಯ ಯಜಮಾನ ಅವನ ಕೆಲಸ ಎಲ್ಲೋ ನೋಡಿ ಮೆಚ್ಚಿ, "ನಮ್ಮಲ್ಲಿಗೆ ಬಂದ್ಬಿಡಿ, ಇರೋಕೆ ಜಾಗಾನೂ ಕೊಡ್ತೀನಿ" ಎಂದು ಫೋನು ಮಾಡಿದ್ದ. ಅಂದಿನಿಂದ ಅಳಿಯ ದಿನಾ ಬೆಳಿಗ್ಗೆ, ಇವತ್ತು ಮಾವನಿಗೆ ಹೇಳಿಯೇ ತೀರುತ್ತೇನೆ ಅಂದುಕೊಳ್ಳುವನು. ಮಾವ ಎದುರಿಗೆ ಬಂದರೆ ಹಿಂದಿನ ದಿನದ ಅಳತೆಯ ಲೆಕ್ಕ ಒಪ್ಪಿಸಿ ಅಂಗಡಿಗೆ ಇಳಿದುಬಿಡುವನು. ಹೆಂಡತಿಗೂ ಹೇಳಿರಲಿಲ್ಲ. ಅವಳು ಅಪ್ಪನ ಮುದ್ದಿನ ಮಗಳು, ಅವಳ ಕಿವಿಗೆ ಹಾಕಿದರೆ ಮಾವನ ಕಿವಿಗೇ ಹಾಕಿದ ಹಾಗೆ ಎಂದು ತನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡಿದ್ದ. ಇತ್ತ ಆ ಯಜಮಾನ, "ಈ ವಾರ ಹೇಳಿಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀನಿ" ಎಂದು ಗಡುವು ಕೊಟ್ಟು ಕೂತಿದ್ದ.

ಬ್ಲೈಂಡಿನ ವಿಷಯ ಬಂದದ್ದು ಆ ವಾರವೇ. ಪಟ್ಟಿಗಳು ಮೇಲೆ ಕೆಳಗೆ ಹೋಗುವಾಗ ಅತ್ತಿತ್ತ ಓಲಾಡದಂತೆ ಅವಕ್ಕೊಂದು ಹಿಡಿತ ಬೇಕು. ಎರಡು ಕಡೆ ಬಿಗಿಯಾಗಿ ಎಳೆದು ಕಟ್ಟಿದ ಉಕ್ಕಿನ ತಂತಿಯಾದರೂ ಆದೀತು, ಪಟ್ಟಿಗಳ ತುದಿ ಒಳಗೆ ಜಾರುವಂತೆ ಗೋಡೆಗೆ ಸ್ಕ್ರೂ ಹಾಕಿ ಕೂರಿಸುವ ಅಲ್ಯೂಮಿನಿಯಂ ಚಾನಲ್ಲಾದರೂ ಆದೀತು. ತಂತಿಯದು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತದೆ, ಆದರೆ ಅಡಿಯಲ್ಲಿ ಕೈಹಾಕಿ ಎತ್ತಿದರೆ ಮನುಷ್ಯ ನುಸುಳಬಹುದು. ಚಾನಲ್ಲಿನಲ್ಲಿ ಕೂತ ಪಟ್ಟಿ ಜಪ್ಪಯ್ಯ ಅಂದರೂ ಅಲ್ಲಾಡದು.

"ಚಾನಲ್ಲೇ," ಎಂದರು ಮಾವ, ಊಟದ ತಟ್ಟೆಯ ಮುಂದೆ ಕೂತು. "ಗಿರಾಕಿಗಳನ್ನ ಮೇಲಕ್ಕೆ ಕರ್ಕೊಂಡು ಬಂದು ತೋರಿಸ್ಬೇಕು. ನಮ್ಮ ಮನೇದೇ ಪಟಪಟ ಅಂದ್ರೆ ಮಾನ ಉಳಿಯುತ್ತಾ?"

"ಕಿಟಕಿಗಾದ್ರೆ ಸರಿ ಮಾವ. ಇದು ಬಾಲ್ಕನಿ ಬಾಗಿಲು. ಬಿಸಿಲು ಬಿದ್ದ ತಕ್ಷಣ ತಾನಾಗೇ ಇಳಿಯೋ ಮೋಟರು ಬೇರೆ ಹಾಕ್ತಿದ್ದೀವಿ. ಹೊರಗೆ ಯಾರಾದ್ರೂ ಇದ್ದಾಗ ಇಳಿದ್ರೆ?"

"ಹೊರಗೆ ಯಾಕೆ ಇರ್ತಾರೆ?"

ಮಾವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಮನೆಯೊಳಗೆ ಇಷ್ಟು ಸುಖವಾಗಿರುವಾಗ ಒಬ್ಬ ಮನುಷ್ಯ ಹೊರಗೆ ಹೋಗಿ ನಿಲ್ಲುವ ಕಾರಣವಾದರೂ ಏನು?

"ಬಟ್ಟೆ ಒಣಹಾಕೋಕೆ," ಎಂದ ಅಳಿಯ.

"ಬಟ್ಟೆ ಒಣಗ್ಸೋದು ಹಿಂದುಗಡೆ ಅಲ್ವಾ," ಎಂದು ಅತ್ತೆ ಬಡಿಸುತ್ತಲೇ ಷರಾ ಬರೆದರು. ಅಳಿಯ ಹೆಂಡತಿಯ ಮುಖ ನೋಡಿದ. ಇದೊಂದು ಸಲ, ಈ ಸಣ್ಣ ವಿಷಯದಲ್ಲಿ, ಅವಳು ತನ್ನ ಪರವಾಗಿ ಒಂದು ಮಾತಾಡಿದರೆ ಅದೇ ಧೈರ್ಯದ ಮೇಲೆ ದೊಡ್ಡ ವಿಷಯವನ್ನೂ ಎತ್ತಿಬಿಡಬಹುದು ಅನ್ನಿಸಿತ್ತು ಅವನಿಗೆ. ಅವಳು ತಟ್ಟೆಯಿಂದ ಕಣ್ಣೆತ್ತದೆ, "ಅಪ್ಪ ಹೇಳಿದ್ದೇ ಆಗ್ಲಿ ಬಿಡ್ರೀ," ಎಂದಳು.

ಮುಗಿಯಿತಲ್ಲ! ಅಳಿಯ ಕೈತೊಳೆದು ಎದ್ದ. ಅವನ ಮೈಯೆಲ್ಲ ಉರಿಯುತ್ತಿತ್ತು.

ಮರುದಿನ ಅವನೇ ಡ್ರಿಲ್ ಹಿಡಿದು ನಿಂತ. ಬೇರೆ ಯಾರು ಮಾಡಬೇಕು, ಆ ಮನೆಯಲ್ಲಿ ಚಾನಲ್ ಕೂರಿಸಲು ಬರುವವನು ಅವನೊಬ್ಬನೇ. ಬೇಡವಾದ ಕೆಲಸವೆಂದು ಅಡ್ಡಾದಿಡ್ಡಿ ಮಾಡಲು ಕೈ ಒಪ್ಪಲಿಲ್ಲ. ಲೆವೆಲ್ ಇಟ್ಟು ನೇರವಿದೆಯೇ ನೋಡಿದ, ಎರಡೂ ಚಾನಲ್ಲನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಬಿಗಿದ. ಬ್ಲೈಂಡ್ ಕೂರಿಸಿ, ಒಳಗೋಡೆಗೆ ಸ್ವಿಚ್ಚು ಹಾಕಿ, ಮೋಟರಿಗೆ ಕರೆಂಟು ಕೊಟ್ಟ. ಆಮೇಲೆ ಬಾಲ್ಕನಿಗೆ ಹೋಗಿ, ಚಾನಲ್ಲಿನ ಸಂದಿಯಲ್ಲಿ ಬಿದ್ದ ಲೋಹದ ಚೂರುಗಳನ್ನು ಬ್ರಷ್ಷಿನಿಂದ ಗುಡಿಸತೊಡಗಿದ. ಕರೆಂಟು ಕೊಟ್ಟ ಮೇಲೆ ಹೊರಗೆ ನಿಲ್ಲಬೇಡಿ ಎಂದು ಗಿರಾಕಿಗಳಿಗೆಲ್ಲ ಪಾಠ ಹೇಳುವವನು ಅವನೇ. ಆದರೆ ಬೆಳಗಿನಿಂದ ಮೋಡವಿತ್ತು, ತಲೆ ಬೇರೆಲ್ಲೋ ಇತ್ತು.

ಮೋಡ ಸರಿಯಿತು. ಮೇಲೆ ಮೋಟರು ಗುರ್ ಎಂದಿತು. ಅವನು ತಿರುಗಿ ನೋಡುವಷ್ಟರಲ್ಲಿ ಪಟ್ಟಿಗಳು ಸೊಂಟದ ಕೆಳಗೆ ಇಳಿದಿದ್ದವು. ಬಗ್ಗಿ ನುಗ್ಗೋಣವೆಂದರೆ ಕೈಯಲ್ಲಿ ಬ್ರಷ್ಷು, ಕಾಲಡಿ ಡ್ರಿಲ್ಲಿನ ವೈರು. ಪಟ್ಟಿಗಳು ನೆಲ ಮುಟ್ಟಿ, ಒಂದರ ಮೇಲೊಂದು ಮಲಗಿ, ಗಪ್ಪಾಗಿ ಮುಚ್ಚಿಕೊಂಡವು.

ಎತ್ತಿ ನೋಡಿದ. ಅಲ್ಲಾಡಲಿಲ್ಲ. ಎಲ್ಲಿ ಅಲ್ಲಾಡೀತು, ಬಿಗಿದವನು ಅವನೇ! ಬಾಲ್ಕನಿ ಒಬ್ಬ ಮನುಷ್ಯ ಮೈ ತಿರುಗಿಸುವಷ್ಟು ಅಗಲ. ಹಿಂದೆ ಕಂಬಿ, ಕೆಳಗೆ ಬೀದಿ, ಮುಂದೆ ಬಿಸಿಯೇರುತ್ತಿರುವ ತಗಡು. ಬಿಸಿಲು ಬೆನ್ನಿಗೆ ಬಡಿಯುತ್ತಿತ್ತು. ಕೂಗೋಣವೆಂದು ಬಾಯಿ ತೆರೆದ. ಕೂಗಿದರೆ ಮಾವ ಮೆಟ್ಟಿಲು ಹತ್ತಿ ಬರುತ್ತಾರೆ, ತಾವೇ ಬಿಡಿಸುತ್ತಾರೆ, ಆಮೇಲೆ ಅವರು ಬದುಕಿರುವಷ್ಟು ದಿನ ಬಂದ ನೆಂಟರಿಗೆಲ್ಲ ಹೇಳಿ ನಗುತ್ತಾರೆ. ಬಾಯಿ ಮುಚ್ಚಿಕೊಂಡ.

ಆಗ ಜೇಬಿನಲ್ಲಿ ಫೋನು ರಿಂಗಾಯಿತು. ಅದೇ ಯಜಮಾನ.

"ಏನ್ರೀ, ಬರ್ತೀರೋ ಇಲ್ವೋ?"

ಆ ಮನೆಯಲ್ಲಿ ಫೋನಿನಲ್ಲಿ ಮಾತಾಡಲು ಒಂದು ಮೂಲೆಯೂ ಇರಲಿಲ್ಲ. ಹಜಾರದಲ್ಲಿ ಮಾವ, ಒಳಗೆ ಅತ್ತೆ, ಮಲಗುವ ಕೋಣೆಗೆ ತೆಳ್ಳನೆ ಗೋಡೆ. ಇಲ್ಲಿ ಯಾರಿದ್ದಾರೆ? ಯಾರೂ ಇಲ್ಲ. ಅಳಿಯನಿಗೆ ಎಲ್ಲಿಲ್ಲದ ಧೈರ್ಯ ಬಂತು.

"ಬರ್ತೀನಿ ಸಾರ್," ಎಂದ. ತನ್ನ ದನಿ ಅಷ್ಟು ಗಟ್ಟಿಯಾಗಿ ಕೇಳಿ ತಾನೇ ಬೆಚ್ಚಿದ. "ಖಂಡಿತ ಬರ್ತೀನಿ."

"ಜಾಗದ ವಿಷಯ. ಸಂಸಾರ ಸಮೇತ ಬರ್ತೀರಾ? ದೊಡ್ಡದು ನೋಡ್ಲಾ?"

"ಬೇಡ ಸಾರ್. ನಾನೊಬ್ನೇ. ಒಂದ್ ರೂಮಾದ್ರೆ ಸಾಕು."

ಫೋನು ಜೇಬಿಗಿಟ್ಟ. ಎದೆಯ ಮೇಲಿನ ಭಾರ ಇಳಿದಂತಾಯಿತು. ತುಟಿಯಲ್ಲಿ ನಗುವೂ ಬಂತು, ಪಾಪ.

"ಒಂದ್ ರೂಮು ಸಾಕಾ?"

ಬ್ಲೈಂಡಿನ ಒಳಗಡೆಯಿಂದ ಬಂದ ದನಿ. ಹೆಂಡತಿಯದು. ಗಾಜಿನ ಬಾಗಿಲು ತೆರೆದೇ ಇತ್ತಲ್ಲ. ಅದು ಅವನ ತಲೆಗೇ ಬಂದಿರಲಿಲ್ಲ.

"ನೀನು... ಯಾವಾಗ ಬಂದೆ?"

"ಬ್ಲೈಂಡ್ ಇಳಿದ ಸದ್ದು ಕೇಳಿ ಎತ್ತೋಣ ಅಂತ ಬಂದೆ. ಯಾವೂರು?"

ಹೇಳಿದ. ಮುಚ್ಚಿಡುವುದಕ್ಕೆ ಇನ್ನೇನಿತ್ತು? ಅವಳ ಬೆರಳು ಒಳಗಿನಿಂದ ಪಟ್ಟಿಯ ಮೇಲೆ ಆಡುತ್ತಿರುವುದು ಕೇಳಿಸುತ್ತಿತ್ತು.

"ನನ್ನನ್ನೊಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ಕೇಳಿದ್ರೆ ನೀನು ನಿಮ್ಮಪ್ಪನ ಕಡೆ ಹೋಗ್ತಿದ್ದೆ. ನಿನ್ನೆ ಊಟದಲ್ಲಿ ಹೋದ ಹಾಗೆ."

"ನಿಮ್ಮ ಪರವಾಗಿ ನಾನು ಬಾಯಿಬಿಡೋದು, ಅಷ್ಟರಲ್ಲಿ ನೀವೇ ಜಾರಿಕೊಳ್ಳೋದು, ಆಮೇಲೆ ನಾನೊಬ್ಬಳೇ ಬೈಸಿಕೊಳ್ಳೋದು. ಎಷ್ಟು ಸಲ ಆಗಿದೆ ಹೇಳಿ? ಸಾಕಾಗಿ ಸುಮ್ನಾದೆ." ಅವಳ ದನಿ ಒಡೆಯಿತು. "ನನ್ನ ಜೊತೆ ಓದಿದೋರೆಲ್ಲ ಮದುವೆಯಾಗಿ ಇನ್ನೊಂದು ಮನೆ ಕಂಡ್ರು. ನಾನು ಹುಟ್ಟಿದ ಕೋಣೇಲೇ ಸಂಸಾರ ಮಾಡ್ತಿದ್ದೀನಿ. ಇವತ್ತಿಗೂ ಅಮ್ಮ ಹೇಳಿದ್ದೇ ಅಡಿಗೆ, ಅಪ್ಪ ತಂದಿದ್ದೇ ಸೀರೆ. ನನಗೂ ಇಲ್ಲಿ ಉಸಿರು ಕಟ್ಟುತ್ತೆ ಅಂತ ನಿಮಗೆ ಒಂದ್ ದಿನಾನಾದ್ರೂ ಹೊಳೀತಾ?"

ಹೊಳೆದಿರಲಿಲ್ಲ. ಸತ್ಯ ಹೇಳಬೇಕೆಂದರೆ, ಅವಳನ್ನೂ ಅವನು ಆ ಮನೆಯ ಒಂದು ಗೋಡೆ ಎಂದೇ ಎಣಿಸಿದ್ದ. ಅವನಿಗೆ ನಾಚಿಕೆಯಾಯಿತು, ನೆಲ ಬಾಯಿಬಿಡಬಾರದೇ ಅನ್ನಿಸುವಷ್ಟು.

"ಕೇಳಿದ್ದಿದ್ರೆ ಬರ್ತಿದ್ದೆಯಾ?"

"ಉಟ್ಟ ಬಟ್ಟೇಲಿ ಬರ್ತಿದ್ದೆ."

ಅವಳು ಸ್ವಿಚ್ಚು ಒತ್ತಿದಳು. ಪಟ್ಟಿಗಳು ಮೇಲೇರಿದವು. ಮೊದಲು ಅವಳ ಪಾದ, ಆಮೇಲೆ ಸೀರೆಯ ನಿರಿಗೆ, ಕೊನೆಗೆ ಮುಖ. ಅತ್ತು ಕೆಂಪಾಗಿತ್ತು. ಬಾಗಿಲು ತೆರೆದಿದ್ದರೂ ಅವನಿಗೆ ಹೊಸ್ತಿಲು ದಾಟಲು ಕಾಲು ಬರಲಿಲ್ಲ.

ಅಷ್ಟರಲ್ಲಿ ಮಾವ ಮೆಟ್ಟಿಲು ಹತ್ತಿ ಬಂದರು. ಚಾನಲ್ಲಿನ ಮೇಲೆ ಕೈಯಾಡಿಸಿ, "ಭೇಷ್ ಅಳಿಯಂದ್ರೇ! ಒಂಚೂರೂ ಅಲುಗಾಟ ಇಲ್ಲ," ಎಂದು ಬೆನ್ನು ತಟ್ಟಿದರು. ಬಿಸಿಲಿಗೆ ಕಾದಿದ್ದ ಬೆನ್ನು ಚುರ್ರೆಂದಿತು.

ಈಗ ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ ಎಂದು ಅಳಿಯನಿಗೆ ಅನ್ನಿಸಿತು. ಹೆಂಡತಿಗಾಗಿಯೂ ಹೇಳಬೇಕಿತ್ತು. ಕೈಯಲ್ಲಿದ್ದ ಬ್ರಷ್ಷನ್ನು ಕೆಳಗಿಟ್ಟ. ಮಾವನ ಕಣ್ಣಲ್ಲಿ ಕಣ್ಣಿಟ್ಟ.

"ಮಾವ, ನನಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆ. ನಾವು ಹೊರಡ್ತೀವಿ."

ಮಾವನ ಕೈ ಅವನ ಬೆನ್ನ ಮೇಲೇ ನಿಂತಿತು. ಅಳಿಯನನ್ನು ನೋಡಿದರು. ನಂಬಿಕೆಯಾಗದೆ ಮಗಳ ಕಡೆ ತಿರುಗಿದರು.

"ಏನಮ್ಮಾ ಇದು? ಹೊರಡ್ತೀರಾ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಗಂಡನನ್ನು ಒಮ್ಮೆ ನೋಡಿದಳು.

"ಅವರು ಹೊರಡ್ತಾರಪ್ಪಾ," ಎಂದಳು. "ನನ್ನನ್ನ ಯಾರೂ ಕರೆದಿಲ್ಲ."